ಅರವತ್ತನಾಲ್ಕರಲ್ಲಿ ಮೂವತ್ತೆರಡು

ನವೆಂಬರ್ 3, ಸೋಮವಾರ

ಅಂಗಡಿ ಮುಚ್ಚಿದ ಮೇಲೆ ಡೈರಿ ಬರೆಯುವುದನ್ನು ಬಿಟ್ಟಿದ್ದೆ. ಅಲ್ಲಿದ್ದಾಗ ದಿನವೂ ಬರೆಯುತ್ತಿದ್ದೆ: ಯಾವ ರೇಡಿಯೋ ಬಂತು, ಅದರ ರೋಗವೇನು, ನಾನು ಕೊಟ್ಟ ಮದ್ದೇನು. ಇವತ್ತು ಮತ್ತೆ ಮೇಜಿನ ಮೇಲೆ ಕೆಲಸ ಬಂದು ಕೂತಿದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಕೆಲಸ ಪುಟ್ಟಿಯದು. ಕೂದಲಲ್ಲಿ ಬೆಳ್ಳಿ ಎಳೆ ಕಂಡ ಮಗಳನ್ನು ಪುಟ್ಟಿ ಅನ್ನಬಾರದೆಂದು ಅವಳೇ ಹೇಳಿ ಸಾಕಾಗಿದ್ದಾಳೆ. ನಾಲಿಗೆ ಕೇಳಬೇಕಲ್ಲ. ಅವಳು ಸಿನಿಮಾ ಎಡಿಟಿಂಗ್ ಮಾಡುವವಳು. ದುಡಿಯುತ್ತಿದ್ದ ಸ್ಟುಡಿಯೋ ಬಾಗಿಲು ಹಾಕಿತು, ಬಾಡಿಗೆ ಮನೆ ಬಿಟ್ಟು ಬಂದು ನಮ್ಮ ಮುಂದಿನ ಕೋಣೆಯಲ್ಲಿದ್ದಾಳೆ. ಬಂದಾಗಿನಿಂದ ನಗು ಕಡಿಮೆ. ಈಗ ಒಬ್ಬ ನಿರ್ದೇಶಕಿ ಒಂದು ದೊಡ್ಡ ಸಾಕ್ಷ್ಯಚಿತ್ರವನ್ನು ಅವಳಿಗೆ ಕೊಟ್ಟಿದ್ದಾರೆ. ಮುಚ್ಚಿಹೋದ ಗಿರಣಿಯಲ್ಲಿ ದುಡಿದ ಹೆಂಗಸರ ಕಥೆಯಂತೆ. ಆಕೆಯನ್ನು ನಾವು ಮನೆಯಲ್ಲಿ ಡೈರೆಕ್ಟರಮ್ಮ ಎನ್ನುತ್ತೇವೆ. ವರ್ಷ ಮುಗಿಯುವುದರೊಳಗೆ ಚಿತ್ರ ಸಿದ್ಧವಾಗಬೇಕು. "ಇದೊಂದು ಕೈಹಿಡಿದ್ರೆ ಸಾಕಪ್ಪ, ಮತ್ತೆ ನನ್ನ ಕಾಲ ಮೇಲೆ ನಾನು ನಿಂತ್ಕೋತೀನಿ," ಎಂದಳು ನಿನ್ನೆ.

ಅಷ್ಟು ದೊಡ್ಡ ಚಿತ್ರವನ್ನು ಹೊರಲು ಅವಳ ಹಳೇ ಲ್ಯಾಪ್‌ಟಾಪಿನ ಕೈಲಿ ಆಗದು. ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ಅವಳೇ ಆರಿಸಿ ಮೀಸೆಯ ಅಂಗಡಿಯಿಂದ ತರಿಸಿದ್ದಾಳೆ. ಮೀಸೆ ನನ್ನ ಹಳೇ ಗೆಳೆಯ. ನನ್ನ ಅಂಗಡಿಯ ಎದುರಿಗೆ ಕ್ಯಾಸೆಟ್ ಮಾರುತ್ತಿದ್ದವನು, ಗಾಳಿ ಬಂದ ಕಡೆ ತೂರಿಕೊಂಡು ಕಂಪ್ಯೂಟರಿಗೆ ಹೊರಳಿದ. ನಾನು ಹೊರಳಲಿಲ್ಲ. ಜನ ರಿಪೇರಿ ಮಾಡಿಸುವುದನ್ನೇ ಬಿಟ್ಟರು, ಕೆಟ್ಟದ್ದನ್ನು ಎಸೆದು ಹೊಸದು ಕೊಳ್ಳತೊಡಗಿದರು. ಅಂಗಡಿ ಮುಚ್ಚಿತು.

"ಮೀಸೆ ಮಾಮ ಅಲ್ಲೇ ಜೋಡಿಸಿ ಕೊಡ್ತೀನಿ ಅಂದ್ರು," ಎಂದಳು ಪುಟ್ಟಿ.

"ಮನೇಲೇ ಬಡಗಿ ಇರುವಾಗ ಬೀದಿಗೆ ಹೋಗಿ ಮಂಚ ಮಾಡಿಸ್ತಾರಾ?" ಎಂದೆ.

ಅವಳು ಅಮ್ಮನ ಮುಖ ನೋಡಿದಳು. ಇವಳು, ನನ್ನ ಹೆಂಡತಿ, ಒಲೆಯ ಕಡೆ ನೋಡಿದಳು. ನಮ್ಮನೆ ಹೆಂಗಸರಿಗೆ ಕಣ್ಣಲ್ಲೇ ಮಾತಾಡಿಕೊಳ್ಳುವ ಚಾಳಿ. "ಸರಿ ಅಪ್ಪ, ನೀನೇ ಮಾಡು," ಎಂದಳು ಕೊನೆಗೆ.

ನವೆಂಬರ್ 4, ಮಂಗಳವಾರ

ಜೋಡಿಸಿದೆ. ಜೀವಮಾನವೆಲ್ಲ ಸೋಲ್ಡರಿಂಗ್ ಕಡ್ಡಿ ಹಿಡಿದ ಕೈಗೆ ಇದು ಮಕ್ಕಳಾಟ.

ಎಲ್ಲ ಭಾಗಗಳೂ ಕೂರುವ ಬೋರ್ಡು ಚಿಕ್ಕದು. ಎಲ್ಲಿಗಾದರೂ ಎತ್ತಿಕೊಂಡು ಹೋಗುವಂತಿರಲಿ ಎಂದು ಪುಟ್ಟಿ ಚಿಕ್ಕದನ್ನೇ ಆರಿಸಿದ್ದಾಳೆ. ಪ್ರೊಸೆಸರ್ ಅಂದರೆ ಬಿಸ್ಕತ್ತಿನಷ್ಟು ಅಗಲದ ಚಪ್ಪಟೆ ಚೌಕ. ಅದು ಕೂರುವ ಜಾಗದ ತುಂಬ ಕೂದಲಿನಂಥ ಸೂಜಿಗಳು. ಇಳಿಸುವಾಗ ಹೊರಗೆ ಯಾವನೋ ಹಾರ್ನ್ ಹೊಡೆದ, ಒಂದು ಮೂಲೆ ತುಸು ತಾಗಿತು. ಎತ್ತಿ ಮತ್ತೆ ಇಳಿಸಿದೆ, ಸರಿಯಾಗಿ ಕೂತಿತು. ಈಗಿನ ಸ್ಕ್ರೂಗಳು ಸಾಸಿವೆ ಕಾಳಿನಷ್ಟು. ಮೇಲಿಂದ ಮೇಲೆ ಒಳಗೆ ಬಿದ್ದವು. ಸ್ಕ್ರೂಡ್ರೈವರಿನ ತುದಿಯ ಅಯಸ್ಕಾಂತಕ್ಕೆ ಶಕ್ತಿಯೇ ಇಲ್ಲ. ಪುಟ್ಟಿ ಟಾರ್ಚ್ ಹಿಡಿದು ಒಂದೊಂದನ್ನೂ ಹೆಕ್ಕಿಕೊಟ್ಟಳು.

ಸ್ವಿಚ್ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಬೆಳಗಿತು. ನಾನು ಮೀಸೆ ತಿರುವಬೇಕು ಅನ್ನುವಷ್ಟರಲ್ಲಿ ಅವಳು ಮುಂದಕ್ಕೆ ಬಾಗಿದಳು.

"ಅಪ್ಪ, ಮೆಮೊರಿ ಮೂವತ್ತೆರಡು ಜಿಬಿ ತೋರಿಸ್ತಿದೆ."

"ಹಾಕಿದ್ದೆಷ್ಟು?"

"ಮೂವತ್ತೆರಡರ ಎರಡು ಪಟ್ಟಿ. ಅರವತ್ನಾಲ್ಕು ಇರ್ಬೇಕಿತ್ತು."

ಹೊಸ ಯಂತ್ರ, ಮೊದಲ ದಿನ. ಬಂದ ಸೊಸೆ ಮೊದಲ ದಿನವೇ ಎಲ್ಲ ಕೆಲಸ ಮಾಡುತ್ತಾಳೆಯೇ ಎಂದೆ. ಇವಳು ಒಳಗಿನಿಂದ, "ಸೊಸೆ ಸುದ್ದಿ ನಿಮಗ್ಯಾಕೆ, ಇರೋಳು ಒಬ್ಬಳು ಮಗಳು," ಎಂದಳು. ಪುಟ್ಟಿ ನಕ್ಕಳು. ನಾಳೆ ನೋಡೋಣ.

ನವೆಂಬರ್ 5, ಬುಧವಾರ

ಎರಡೂ ಪಟ್ಟಿ ಕಿತ್ತು, ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಮೂವತ್ತೆರಡು. ಅದಲು ಬದಲು ಮಾಡಿದೆ. ಮೂವತ್ತೆರಡು. ಒಂದೊಂದನ್ನೇ ಹಾಕಿ ನೋಡಿದೆ. ಮೊದಲ ಸ್ಲಾಟಿನಲ್ಲಿ ಯಾವ ಪಟ್ಟಿ ಹಾಕಿದರೂ ಗೊತ್ತಾಗುತ್ತದೆ. ಎರಡನೆಯದರಲ್ಲಿ ಒಂದನ್ನೇ ಹಾಕಿದರೆ ಯಂತ್ರ ಏಳುವುದೇ ಇಲ್ಲ, ಬೋರ್ಡಿನ ಮೂಲೆಯಲ್ಲಿ ಹಳದಿ ದೀಪವೊಂದು ಮಿಟುಕುತ್ತದೆ. ಅಂದಮೇಲೆ ಪಟ್ಟಿಗಳ ತಪ್ಪಿಲ್ಲ. ಇಷ್ಟು ತಿಳಿದದ್ದು ಇಂದಿನ ಲಾಭ.

ಒಲೆಯ ಮೇಲಿನ ಹಾಲು ಸೀದು ತಳ ಹತ್ತಿದೆ. ಇವಳು ಹೊರಗಿನಿಂದ ಓಡಿ ಬಂದಳು. "ಪಕ್ಕದಲ್ಲೇ ಕೂತಿದ್ದೀರಲ್ಲ, ಮೂಗು ಎಲ್ಲಿ ಅಡ ಇಟ್ಟಿದ್ರಿ? ಬೀದಿಗೆಲ್ಲ ವಾಸನೆ ಬರ್ತಿದೆ!" ಕೆಲಸದಲ್ಲಿ ಮುಳುಗಿದವನಿಗೆ ಮನೆಗೆ ಬೆಂಕಿ ಬಿದ್ದರೂ ತಿಳಿಯದು, ಹಾಲು ಯಾವ ಲೆಕ್ಕ.

ನವೆಂಬರ್ 7, ಶುಕ್ರವಾರ

ಮೀಸೆಗೆ ಫೋನು ಮಾಡಿದೆ. "ಜೋರಾಗಿ ಮಾತಾಡಯ್ಯಾ, ಬಾವಿಯೊಳಗಿಂದ ಮಾತಾಡ್ದಂಗಿದೆ," ಎಂದ. ಜೋರಾಗಿಯೇ ಮಾತಾಡುತ್ತಿದ್ದೆ. ಅವನ ಫೋನು ಅವನಷ್ಟೇ ಹಳೆಯದು. ಕೊನೆಗೆ ಪುಟ್ಟಿ ಇಸಿದುಕೊಂಡು ಮಾತಾಡಿದಳು. ಬೋರ್ಡಿನೊಳಗೆ ಅದರದೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಯಂತ್ರವನ್ನು ಎಬ್ಬಿಸುವುದು ಅದೇ. ಹಳೆಯದಾಗಿದ್ದರೆ ಹೊಸ ಮೆಮೊರಿ ಹಿಡಿಸದೆ ಇರಬಹುದು, ಹೊಸದು ಹಾಕಿ ನೋಡಿ ಎಂದನಂತೆ. ಅವಳು ಹಾಕಿದಳು. ನಾನು ಪಕ್ಕದಲ್ಲಿ ನಿಂತೆ.

ಮೂವತ್ತೆರಡು.

ಬೆಳಿಗ್ಗೆ ಪೇಪರ್ ಓದುತ್ತಿದ್ದಾಗ ಇವಳು ಒಳಗಿನಿಂದ ಕೂಗಿದಳು: "ಈ ಚಳೀಲಿ ಫ್ಯಾನ್ ಯಾಕ್ರೀ ಹಾಕಿದ್ರಿ? ಪೇಪರ್ ಪಟಪಟ ಅಂತಿದೆ." ಫ್ಯಾನ್ ಹಾಕಿರಲಿಲ್ಲ. ಕಿಟಕಿಯ ಸಂದಿಯಿಂದ ಗಾಳಿ ನುಗ್ಗುತ್ತದೆ. ಹಳೇ ಬಟ್ಟೆ ತುರುಕಿದ್ದೇನೆ.

ನವೆಂಬರ್ 9, ಭಾನುವಾರ

ಇರುವ ಅರ್ಧದಲ್ಲೇ ಪುಟ್ಟಿ ಕೆಲಸ ಶುರುಮಾಡಿದಳು. ಗಿರಣಿಯ ಮುದುಕಿಯೊಬ್ಬಳು ಪರದೆಯ ಮೇಲೆ ಏನನ್ನೋ ಹೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಪ್ರೋಗ್ರಾಂ ಸತ್ತಿತು. ಮತ್ತೆ ಹಚ್ಚಿದಳು, ಮತ್ತೆ ಅದೇ ಮುದುಕಿ, ಅದೇ ತೆರೆದ ಬಾಯಿ. ಚಿತ್ರದ ಭಾರ ತಡೆಯುವಷ್ಟು ಮೆಮೊರಿ ಇಲ್ಲ. ಸಣ್ಣ ಸಣ್ಣ ತುಂಡು ಮಾಡಿಕೊಂಡು ಎಡಿಟ್ ಮಾಡಲು ಹೆಣಗುತ್ತಿದ್ದಾಳೆ. ದಿನವಿಡೀ ಕೂತು ಒಂದು ಹಾಡಿನಷ್ಟು ಉದ್ದವೂ ಆಗಿಲ್ಲ.

ಡೈರೆಕ್ಟರಮ್ಮನ ಫೋನು ಬಂತು. "ಹೂಂ ಮೇಡಂ, ಆಗ್ತಿದೆ ಮೇಡಂ," ಎಂದಳು. ಆಗುತ್ತಿಲ್ಲ. ಮಗಳು ಸುಳ್ಳು ಹೇಳುವುದನ್ನು ಕೇಳಿಸಿಕೊಂಡು ಕೂರುವುದು ಕಷ್ಟ. ಹಿತ್ತಿಲಿಗೆ ಹೋಗಿ ನಿಂತೆ.

ಹೊಸ ಅಂಗಿಯ ಕಾಜಾಗಳು ಬಹಳ ಬಿಗಿ. ಇವಳೇ ಗುಂಡಿ ಹಾಕಿಕೊಟ್ಟಳು. ದರ್ಜಿಗೆ ಹೇಳಬೇಕು.

ನವೆಂಬರ್ 11, ಮಂಗಳವಾರ

ಸಂದೇಹವೇ ಇಲ್ಲ, ಬೋರ್ಡೇ ಕೆಟ್ಟದ್ದು. ಎರಡನೆಯ ಸ್ಲಾಟು ಹುಟ್ಟುಕುರುಡು. ಮೀಸೆ ತೀರದ ಸರಕನ್ನು ನಮ್ಮ ತಲೆಗೆ ಕಟ್ಟಿದ್ದಾನೆ. ನಾಳೆ ಬಿಚ್ಚಿಕೊಂಡು ಹೋಗಿ ಅವನ ಮೇಜಿನ ಮೇಲೆ ಇಡುತ್ತೇನೆ.

"ನಾನೂ ಬರ್ತೀನಪ್ಪ," ಎಂದಳು ಪುಟ್ಟಿ. ಬೇಡ ಎಂದೆ. ಇದು ನನ್ನ ಕೆಲಸ. ಗಂಡಸರಿಬ್ಬರ ಹಳೇ ಸ್ನೇಹ, ನಾಲ್ಕು ಬಿರುಸು ಮಾತು ಬರುತ್ತದೆ, ಹೋಗುತ್ತದೆ.

ನವೆಂಬರ್ 12, ಬುಧವಾರ

ಮೀಸೆ ಮೋಸಗಾರ.

ನವೆಂಬರ್ 14, ಶುಕ್ರವಾರ

ಮೊನ್ನೆ ನಡೆದದ್ದನ್ನು ಬರೆದಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಬೇಕಾಗುತ್ತದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೀಸೆ ಎದ್ದು ಬಂದು ಬೋರ್ಡನ್ನು ಇಸಿದುಕೊಂಡ. ಪ್ರೊಸೆಸರ್ ತೆಗೆದು, ದೀಪದ ಕೆಳಗೆ ಹಿಡಿದು, ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಗಾಜನ್ನು ನನ್ನ ಕಡೆ ಸರಿಸಿದ.

"ಇಲ್ಲಿ ನೋಡು. ಈ ಮೂಲೇಲಿ. ಒಂದು ಸೂಜಿ ಮಲಗಿಬಿಟ್ಟಿದೆ. ಎರಡನೇ ಸ್ಲಾಟಿಗೆ ಹೋಗೋ ದಾರಿ ಅದೇ ಇರ್ಬೇಕು."

ನೋಡಿದೆ. ಸಾಲಾಗಿ ನಿಂತ ಬೆಳೆಯಲ್ಲಿ ಒಂದೇ ಒಂದು ತೆನೆ ಬಾಗಿದಂತೆ ಕಂಡಿತು.

"ನೀನು ಕೊಟ್ಟಾಗಲೇ ಹಾಗಿತ್ತು," ಎಂದೆ.

"ಮುಚ್ಚಳ ಹಾಕಿ ಸೀಲ್ ಮಾಡಿದ್ದು ಕೊಟ್ಟಿದ್ದೀನಿ. ಕೂರಿಸುವಾಗ ಕೈ ಅಲುಗಿದ್ರೆ ಹೀಗಾಗುತ್ತೆ. ಎಷ್ಟೋ ಜನಕ್ಕೆ ಆಗುತ್ತೆ ಕಣಯ್ಯಾ, ಅದಕ್ಕ್ಯಾಕೆ..."

"ನನ್ನ ಕೈ ಅಲುಗಿತು ಅಂತೀಯಾ? ನನ್ನ ಕೈ?"

"ಕಂಪನಿಯೋರು ಸೂಜಿ ಬಗ್ಗಿದ್ರೆ ಬದಲಾಯಿಸಿ ಕೊಡಲ್ಲ. ನಾನೇನು ಮಾಡ್ಲಿ?"

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಗಿರಾಕಿಗಳ ಮುಂದೆ ಕಳ್ಳ ಎಂದೆ. ಅವನು ಕುಣಿಯಲಾರದವರ ಗಾದೆ ಹೇಳುತ್ತಾನೇನೋ, ನೆಲ ಡೊಂಕು ಅನ್ನುತ್ತಾನೇನೋ ಎಂದು ಕಾದೆ. ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಅವನ ಕಣ್ಣು ಮೇಜಿನ ಮೇಲಿದ್ದ ನನ್ನ ಬಲಗೈಯ ಮೇಲಿತ್ತು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ. ಸಿಟ್ಟು ಬಂದಾಗ ಯಾರ ಕೈಯಾದರೂ ನಡುಗುತ್ತದೆ.

ಬೋರ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ಹುಷಾರಾಗಿ ಹೋಗು," ಎಂದ. ಆ ದನಿ ನನಗೆ ಹಿಡಿಸಲಿಲ್ಲ. ಕಳ್ಳನೆಂದು ಕರೆಸಿಕೊಂಡವನ ದನಿಯಲ್ಲ ಅದು.

ನವೆಂಬರ್ 15, ಶನಿವಾರ

ಪುಟ್ಟಿ ಮಧ್ಯಾಹ್ನ ಎಲ್ಲಿಗೋ ಹೋಗಿಬಂದಳು. ಕೇಳಿದ್ದಕ್ಕೆ "ಇಲ್ಲೇ," ಎಂದಳು. ಬಂದವಳು ನೇರ ಅಡುಗೆಮನೆಗೆ ಹೋದಳು. ತಾಯಿ ಮಗಳು ಬಹಳ ಹೊತ್ತು ಪಿಸುಪಿಸು. "ಯಾವಾಗಿಂದಮ್ಮ?" ಎಂದದ್ದು ಕೇಳಿಸಿತು, ಇವಳ ಉತ್ತರ ಕೇಳಿಸಲಿಲ್ಲ. ನಲ್ಲಿ ಬಿಟ್ಟಿದ್ದರು.

ಬೋರ್ಡಿನ ವಿಷಯವೇ ಇರಬೇಕು. ಮೀಸೆಯ ಹತ್ತಿರ ಹೋಗಿ ನನ್ನ ಮೇಲೆ ದೂರು ಕೇಳಿಸಿಕೊಂಡು ಬಂದಿರುತ್ತಾಳೆ. ಬರಲಿ.

ಪೇಪರ್ ಓದುವುದನ್ನು ಬಿಟ್ಟಿದ್ದೇನೆ. ಸುದ್ದಿಯಾದರೂ ಏನಿರುತ್ತದೆ.

ನವೆಂಬರ್ 18, ಮಂಗಳವಾರ

ಊಟಕ್ಕೆ ಕೂತಾಗ ಪುಟ್ಟಿ ಹೇಳಿದಳು, ಉಪ್ಪು ಕೇಳಿದಷ್ಟೇ ಸಲೀಸಾಗಿ: "ಡೈರೆಕ್ಟರಮ್ಮ ಚಿತ್ರಾನ ಬೇರೆಯವರಿಗೆ ಕೊಟ್ರು."

ಇವಳ ಕೈ ತಟ್ಟೆಯ ಮೇಲೆ ನಿಂತಿತು. "ಅಲ್ಲ ಕಣೇ, ಇನ್ನೂ ದಿನ ಇತ್ತಲ್ಲ?"

"ನಾನೇ ಹೇಳ್ದೆ ಅಮ್ಮ. ನನ್ನ ಕೈಲಿ ಆಗಲ್ಲ ಅಂತ. ಮೆಷಿನ್ ಇಲ್ಲ ಅಂದೆ. ಎಷ್ಟು ದಿನ ಅಂತ ಸುಳ್ಳು ಹೇಳ್ಲಿ? ಬೈಲಿಲ್ಲ ಪಾಪ, ಮುಂದೆ ನೋಡೋಣ ಅಂದ್ರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಎಲ್ಲ ಆ ಮೀಸೆಯಿಂದ," ಎಂದೆ.

"ಅಪ್ಪ, ಸಾಕು."

ಅಷ್ಟೇ ಅಂದದ್ದು. ಏರಿದ ದನಿಯೂ ಅಲ್ಲ. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಚಿಕ್ಕವಳಿದ್ದಾಗ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಗಂಟೆಗಟ್ಟಲೆ ಅಳುತ್ತಿದ್ದಳು, ನಾನು ರೇಡಿಯೋದ ಹಾಳಾದ ಸ್ಪೀಕರಿನ ಅಯಸ್ಕಾಂತ ಕೊಟ್ಟು ಸಮಾಧಾನ ಮಾಡುತ್ತಿದ್ದೆ. ಇವತ್ತು ಅವಳು ಅಳಲಿಲ್ಲ, ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ.

ನವೆಂಬರ್ 20, ಗುರುವಾರ

ಏನೂ ಬರೆಯುವಂಥದ್ದಿಲ್ಲ. ಮೋಡ.

ನವೆಂಬರ್ 22, ಶನಿವಾರ

ಇವಳು ತಂಗಿಯ ಮನೆಗೆ ಹೋಗಿದ್ದಳು. ಪುಟ್ಟಿ ಕೋಣೆಯಲ್ಲಿ ಮಲಗಿದ್ದಾಳೆ ಎಂದುಕೊಂಡೆ. ಬೋರ್ಡನ್ನು ಕಾಗದದಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡೆ. ಬಗ್ಗಿದ್ದನ್ನು ಎಬ್ಬಿಸಿದರೆ ಆಯಿತಲ್ಲ. ಇದಕ್ಕಿಂತ ನವಿರಾದ ತಂತಿಗಳನ್ನು ಬೆಸೆದಿದ್ದೇನೆ. ಇವಳ ಹೊಲಿಗೆ ಡಬ್ಬಿಯಿಂದ ಸಣ್ಣ ಸೂಜಿ ಆರಿಸಿಕೊಂಡೆ.

ಎಡಗೈಯಲ್ಲಿ ಭೂತಗನ್ನಡಿ, ಬಲಗೈಯಲ್ಲಿ ಸೂಜಿ. ಗಾಜಿನಡಿ ಸೂಜಿಯ ಮೊನೆ ಬಂತು. ಅದು ನಿಲ್ಲುತ್ತಿರಲಿಲ್ಲ. ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದಲ್ಲ, ಮೊನೆ ಆ ಸಾಲುಗಳ ಮೇಲೆ ಗುಡಿಸಲು ಹೊರಟ ಪೊರಕೆಯ ಹಾಗೆ ಓಡಾಡುತ್ತಿತ್ತು. ಉಸಿರು ಹಿಡಿದೆ. ಮಣಿಕಟ್ಟನ್ನು ಮೇಜಿಗೆ ಒತ್ತಿದೆ. ಬಿಗಿ ಮಾಡಿದಷ್ಟೂ ಹೆಚ್ಚಾಯಿತು. ಒಂದು ಕೂದಲೆಳೆ ಕೆಳಗಿಳಿಸಿದ್ದರೆ ಇನ್ನೂ ಹತ್ತಾರು ಸೂಜಿಗಳು ಮಲಗುತ್ತಿದ್ದವು. ಹಿಂದಕ್ಕೆ ತೆಗೆದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

ತಿರುಗಿ ನೋಡಿದರೆ ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಚಳಿ," ಎಂದೆ.

"ಹೂಂ," ಎಂದಳು. ಬಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕೈಯಿಂದ ಸೂಜಿ ತೆಗೆದುಕೊಂಡಳು. "ಹೇಳು. ಹೇಗೆ ಮಾಡ್ಲಿ?"

"ನಿನ್ನ ಕೈಲಾಗಲ್ಲ."

"ಗೊತ್ತು. ಅದಕ್ಕೇ ಹೇಳಿಕೊಡು."

ಹೇಳಿಕೊಟ್ಟೆ. "ಮೊದಲು ಮೊಣಕೈ ಮೇಜಿಗೆ ಊರು. ಎರಡೂ. ಉಸಿರು ಹಿಡೀಬೇಡ, ಪೂರ್ತಿ ಬಿಟ್ಟುಬಿಡು, ಬಿಟ್ಟಾದ ಮೇಲೆ ಒಂದು ಗಳಿಗೆ ಮೈ ಸುಮ್ಮನಿರುತ್ತೆ. ಕೆಲಸ ಆಗೋದು ಆವಾಗ."

"ಈಗಲಾ?"

"ಇನ್ನೂ ಇಲ್ಲ. ಸೂಜಿ ಅದರ ಕೆಳಗೆ ಹೋಯ್ತಾ? ತಳ್ಳಬೇಡ. ಎಬ್ಬಿಸು. ನಿದ್ದೇಲಿರೋರ ತಲೆ ಕೆಳಗೆ ದಿಂಬು ಸರಿಸ್ತೀವಲ್ಲ, ಹಾಗೆ."

"ಬಂತಪ್ಪ... ಬಂತು. ಜಾರಿತು."

"ಜಾರ್ಲಿ. ಕೈ ತೆಗಿ. ಕಣ್ಣು ಮುಚ್ಚಿ ತೆಗಿ. ಮತ್ತೆ."

ಅವಳ ಹಣೆಯಲ್ಲಿ ಬೆವರು. ನಾನು ಗಾಜು ಹಿಡಿದಿದ್ದೆ, ಎಡಗೈಯಲ್ಲಿ. ಎಡಗೈ ನೆಟ್ಟಗಿತ್ತು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದೆ. ಅದನ್ನು ಅವಳು ನೋಡಿದಳು, ನೋಡದವಳ ಹಾಗಿದ್ದಳು. ಮತ್ತೆ ಮತ್ತೆ ಮಾಡಿ, ಕೊನೆಗೆ ಆ ಸೂಜಿ ಪಕ್ಕದವರ ಜೊತೆ ಎದ್ದು ನಿಂತಿತು. ತುಸು ವಾರೆ, ಆದರೆ ಸಾಲಿನಲ್ಲಿತ್ತು. ಪ್ರೊಸೆಸರನ್ನೂ ಅವಳೇ ಇಳಿಸಿದಳು. ಸ್ಕ್ರೂಗಳನ್ನು ಅವಳೇ ತಿರುಗಿಸಿದಳು. ಒಂದೂ ಬೀಳಲಿಲ್ಲ.

ಪರದೆ ಬೆಳಗಿತು. ಅರವತ್ನಾಲ್ಕು.

ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನಾನು ಕೂಗಬೇಕಿತ್ತು, ಅವಳು ಕುಣಿಯಬೇಕಿತ್ತು. "ಆ ಮುದುಕಿ ಏನು ಹೇಳೋಕೆ ಹೊರಟಿದ್ಲು?" ಎಂದು ಕೇಳಿದೆ. "ಚಿತ್ರ ವಾಪಸ್ ಕಳಿಸಿಬಿಟ್ಟೆ ಅಪ್ಪ," ಎಂದಳು.

ನವೆಂಬರ್ 28, ಶುಕ್ರವಾರ

ಜಗಳ. ಡಾಕ್ಟರ ಹತ್ತಿರ ಹೋಗಬೇಕಂತೆ. ಪುಟ್ಟಿ ಆಗಲೇ ಹೆಸರು ಬರೆಸಿದ್ದಾಳೆ. ವಯಸ್ಸಾದ ಮೇಲೆ ಕೈ ನಡುಗದೆ ನಾಟ್ಯವಾಡುತ್ತದೆಯೇ ಎಂದೆ. ಆಗ ಇವಳು, ಎಂದೂ ದನಿ ಎತ್ತದ ಇವಳು, ಕೈಲಿದ್ದ ಲೋಟವನ್ನು ಕುಕ್ಕಿದಳು.

"ಹೋದ ಚಳಿಗಾಲದಿಂದ ನೋಡ್ತಿದ್ದೀನಿ ನಿಮ್ಮ ಕೈನ. ಗುಂಡಿ ನಾನು ಹಾಕೋದು, ಚಹಾ ಅರ್ಧ ಲೋಟ ತುಂಬಿಸೋದು, ಬಿದ್ದಿದ್ದು ಒರೆಸೋದು. ಕಿಟಕಿಗೆ ಬಟ್ಟೆ ತುರುಕಿದ್ರಲ್ಲ, ಗಾಳಿ ಎಲ್ಲಿತ್ರೀ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳ ಸಿಟ್ಟು ಅಲ್ಲೇ ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ," ಎಂದಳು.

ಹೋಗುತ್ತೇನೆ ಎಂದೆ.

ಡಿಸೆಂಬರ್ 2, ಮಂಗಳವಾರ

ಡಾಕ್ಟರು ಹೆಂಗಸು, ಪುಟ್ಟಿಯ ವಯಸ್ಸಿರಬಹುದು. ಕುರ್ಚಿಯಿಂದ ಕೈ ಊರದೆ ಏಳಿ ಎಂದರು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಿ ಎಂದರು. ಎಡಗೈ ತಟ್ಟಿತು. ಬಲಗೈ ನಾಲ್ಕಾರು ಸಲ ತಟ್ಟಿ, ಹೇಳಬೇಕಾದದ್ದನ್ನು ಮರೆತವರ ಹಾಗೆ ನಡುವೆಯೇ ನಿಂತಿತು. ಪಡಸಾಲೆಯಲ್ಲಿ ನಡೆಸಿದರು. ನಾನು ನಡೆಯುವಾಗ ಬಲಗೈ ಬೀಸುವುದೇ ಇಲ್ಲವಂತೆ, ಗೂಟಕ್ಕೆ ನೇತುಹಾಕಿದ ಕೋಟಿನ ತೋಳಿನ ಹಾಗೆ ಇರುತ್ತದಂತೆ. ಒಂದು ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದರು. ಒಂದು ಸಾಲು ಬರೆದೆ. ಮೊದಲ ಅಕ್ಷರಕ್ಕೂ ಕೊನೆಯದಕ್ಕೂ ಅಪ್ಪ ಮಗುವಿನಷ್ಟು ವ್ಯತ್ಯಾಸ.

"ವಾಸನೆ ಗೊತ್ತಾಗುತ್ತಾ?"

"ಚೆನ್ನಾಗೇ ಗೊತ್ತಾಗುತ್ತೆ," ಎಂದೆ.

"ಇಲ್ಲ," ಎಂದಳು ಇವಳು, ನೆಲ ನೋಡುತ್ತ.

ಪಾರ್ಕಿನ್ಸನ್ ಎಂದರು. ಇನ್ನೂ ಒಂದೆರಡು ಪರೀಕ್ಷೆ ಮಾಡಿಸಬೇಕು, ಆದರೆ ತಮಗೆ ಅನುಮಾನವಿಲ್ಲ ಎಂದರು. "ಗುಣ ಆಗೋ ಕಾಯಿಲೆ ಅಲ್ಲ. ಆದ್ರೆ ನಿಧಾನದ ಕಾಯಿಲೆ. ಮಾತ್ರೆ ತಗೊಂಡ್ರೆ ಕೈ ಒಂದಷ್ಟು ನಿಮ್ಮ ಮಾತು ಕೇಳುತ್ತೆ."

"ಸೋಲ್ಡರಿಂಗ್ ಮಾಡಬಹುದಾ?"

ಅವರು ಮಾತ್ರೆಯ ಚೀಟಿ ಬರೆಯತೊಡಗಿದರು. ನಾನೂ ಮತ್ತೆ ಕೇಳಲಿಲ್ಲ.

ಹೊರಗೆ ಬಂದಾಗ ಪುಟ್ಟಿ ಬೆಂಚಿನಿಂದ ಎದ್ದಳು. ಇವಳು ಅವಳ ಭುಜ ಹಿಡಿದುಕೊಂಡಳು. ಬಸ್ಸಿನಲ್ಲಿ ಮೂವರೂ ಕಿಟಕಿಯ ಕಡೆಗೇ ನೋಡುತ್ತಿದ್ದೆವು. ನನಗೆ ಹೆದರಿಕೆಯಾಗಲಿಲ್ಲ, ಅದು ವಿಚಿತ್ರ. ಮನೆಗೆ ಬಂದು ಚಪ್ಪಲಿ ಬಿಡುವಾಗ ಆಯಿತು. ಗೋಡೆ ಹಿಡಿದು ನಿಂತೆ.

ಡಿಸೆಂಬರ್ 6, ಶನಿವಾರ

ಮೀಸೆಯ ಅಂಗಡಿಗೆ ಹೋದೆ. ಯಾರೂ ಕಳಿಸಲಿಲ್ಲ. ಗಿರಾಕಿಗಳ ಮುಂದೆ ಕಳ್ಳ ಅಂದಿದ್ದೆ, ಗಿರಾಕಿಗಳ ಮುಂದೆಯೇ ತಪ್ಪಾಯಿತು ಅನ್ನಬೇಕೆಂದುಕೊಂಡಿದ್ದೆ. ಹೋದಾಗ ಒಬ್ಬರೂ ಇರಲಿಲ್ಲ. ಹಾಗೇ ಅಂದೆ. ಅವನು ಸ್ಟೂಲು ಎಳೆದು ಹಾಕಿದ. "ಕೂತ್ಕೋ. ಡಾಕ್ಟರ್ ಏನಂದ್ರು?" ಎಂದ. ಅಂದರೆ ಪುಟ್ಟಿ ಎಲ್ಲ ಹೇಳಿದ್ದಾಳೆ. ಹೇಳಲಿ.

ಚಹಾ ತರಿಸಿದ. ನನ್ನ ಲೋಟ ಅರ್ಧಕ್ಕಿತ್ತು.

"ನೀನು ಯಾವಾಗ ನೋಡಿದ್ದು?" ಎಂದು ಕೇಳಿದೆ.

"ಏನನ್ನ?"

"ಸುಮ್ನೆ ಹೇಳೋ."

ಮೀಸೆಯ ತುದಿ ತಿರುವಿದ. ಸುಳ್ಳು ಹೇಳುವ ಮುಂಚೆ ಹಾಗೆ ಮಾಡುತ್ತಾನೆ, ನನಗೆ ಗೊತ್ತು. ಆಮೇಲೆ ಕೈ ಕೆಳಗಿಳಿಸಿದ. "ಅಂಗಡಿ ಇದ್ದಾಗಲೇ. ಕೊನೇ ವರ್ಷ. ನಿನ್ನ ಹತ್ರ ರಿಪೇರಿಗೆ ಕೊಟ್ಟವರು ಬಂದು ನನ್ನ ಹತ್ರ ಹೇಳೋರು. ಬೆಸುಗೆ ನಿಲ್ತಿಲ್ಲ, ಎರಡು ದಿನಕ್ಕೆ ಬಿಟ್ಟುಹೋಗುತ್ತೆ ಅಂತ. ಮೊದಲಿನ ಹಾಗಿಲ್ಲ ಅಂತ."

"ಜನ ರಿಪೇರಿ ಮಾಡಿಸೋದೇ ಬಿಟ್ರು ಅಂದ್ಕೊಂಡಿದ್ದೆ."

"ಅದೂ ಹೌದು," ಎಂದ ತಡಮಾಡದೆ. "ಅದೂ ಇತ್ತು ಕಣಯ್ಯಾ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಳ್ಳೆಯವನು. ನಾಲ್ಕು ಅಂಗಡಿ ದಾಟಿದರೆ ಇಂದಿಗೂ ರೇಡಿಯೋ ರಿಪೇರಿ ಮಾಡುವವನೊಬ್ಬನಿದ್ದಾನೆ. ಬರುವಾಗ ಅವನ ಮುಂದೆಯೇ ಬಂದೆ. ಕಪಾಟು ತುಂಬಿತ್ತು, ಸಾಲಾಗಿ ಚೀಟಿ ಅಂಟಿಸಿದ್ದ. ಇಷ್ಟು ದಿನ ಆ ದಾರಿಯಲ್ಲಿ ಓಡಾಡಿದ್ದೇನೆ, ನೋಡಿರಲಿಲ್ಲ. ನೋಡಿದ್ದೆನೋ ಏನೋ.

ಡಿಸೆಂಬರ್ 13, ಶನಿವಾರ

ಮಾತ್ರೆ ಶುರುವಾಗಿದೆ. ಹೊಟ್ಟೆ ತೊಳಸುತ್ತದೆ.

ಡೈರೆಕ್ಟರಮ್ಮ ಮಾತು ಮರೆತಿಲ್ಲ. ಬೇರೆ ಊರಿನ ಒಂದು ಎಡಿಟಿಂಗ್ ತಂಡಕ್ಕೆ ಪುಟ್ಟಿಯ ಹೆಸರು ಹೇಳಿದ್ದಾರೆ. ತಮ್ಮದೇ ಯಂತ್ರ ಇರುವವರು ಬೇಕಂತೆ, ಅಲ್ಲೇ ಬಂದು ಇರಬೇಕಂತೆ. ಪುಟ್ಟಿ ಆಗಲ್ಲ ಅಂದುಬಿಟ್ಟಿದ್ದಾಳೆ. ಈ ವಿಷಯ ಅವಳು ಹೇಳಲಿಲ್ಲ, ಇವಳು ಹೇಳಿದ್ದು.

ಕೋಣೆಗೆ ಹೋದೆ. ಅವಳು ಯಾರದೋ ಅಂಗಡಿಯ ಜಾಹೀರಾತು ಎಡಿಟ್ ಮಾಡುತ್ತಿದ್ದಳು.

"ಯಾಕೆ ಆಗಲ್ಲ ಅಂದೆ?"

"ನನಗೇ ಇಷ್ಟ ಇಲ್ಲ."

"ನನ್ನ ಕಾಯಿಲೆಗೆ ಡಾಕ್ಟರು ಮಾತ್ರೆ ಬರೆದ್ರು. ನಿನ್ನನ್ನ ಬರೆದುಕೊಡಲಿಲ್ಲ."

"ಅಪ್ಪ, ಅಮ್ಮ ಒಬ್ಬಳೇ..."

"ನಿಮ್ಮಮ್ಮ ಇಷ್ಟು ದಿನ ಒಬ್ಬಳೇ ನಡೆಸಿದ್ದಾಳೆ, ನಾನು ಸಹಾಯ ಮಾಡೋದಿರ್ಲಿ, ನನಗೇನೂ ಆಗಿಲ್ಲ ಅಂತ ವಾದ ಮಾಡ್ತಿದ್ದೆ. ಈಗ ಕೊನೇಪಕ್ಷ ಗುಂಡಿ ಹಾಕುವಾಗ ನೆಟ್ಟಗೆ ನಿಂತ್ಕೋತೀನಿ." ಅವಳು ತಲೆ ಎತ್ತಲಿಲ್ಲ. "ಒಂದು ಚಿತ್ರ ನನ್ನಿಂದ ಕಳ್ಕೊಂಡೆ. ಇನ್ನೊಂದು ಕಳ್ಕೋಬೇಡ. ಅದನ್ನ ನಾನು ಹೊತ್ಕೊಳ್ಳಲಾರೆ ಪುಟ್ಟಿ."

ಕೀಲಿಮಣೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಪುಟ್ಟಿ ಅನ್ನಬೇಡ ಅಂದಿಲ್ವಾ?" ಎಂದಳು.

ಡಿಸೆಂಬರ್ 20, ಶನಿವಾರ

ಬೆಳಿಗ್ಗೆ ಹೊರಟಳು. ಮೀಸೆ ಅವನ ವ್ಯಾನು ತಂದಿದ್ದ. ಕಂಪ್ಯೂಟರನ್ನು ಎರಡು ಕಂಬಳಿಯಲ್ಲಿ ಸುತ್ತಿ ಸೀಟಿನ ಮೇಲೆ ಕೂರಿಸಿ, ಮಗುವಿಗೆ ಹಾಕಿದಂತೆ ಬೆಲ್ಟ್ ಹಾಕಿದರು. ನನ್ನನ್ನು ಯಾರೂ ಎತ್ತು ಅನ್ನಲಿಲ್ಲ, ನಾನೂ ಎತ್ತಲು ಹೋಗಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಇವಳು ದಾರಿಗೆಂದು ಕಟ್ಟಿಕೊಟ್ಟ ಗಂಟು ಕಂಪ್ಯೂಟರಿಗಿಂತ ದೊಡ್ಡದಿತ್ತು.

"ಮಾತ್ರೆ ಮರೀಬೇಡ," ಎಂದಳು ಮಗಳು.

"ಮರೆಯೋಕೆ ನಿಮ್ಮಮ್ಮ ಬಿಟ್ರೆ ತಾನೆ."

ಕಾಲಿಗೆ ಬಗ್ಗಲು ಬಂದಳು, ತಡೆದೆ. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಅಂಗೈಯೊಳಗೂ ಅದು ಸುಮ್ಮನಿರಲಿಲ್ಲ, ಹಿಡಿದ ಹಕ್ಕಿಯ ಹಾಗೆ ಒದ್ದಾಡುತ್ತಿತ್ತು. ಅವಳು ಬಿಡಲಿಲ್ಲ. ಮೀಸೆ ಹಾರ್ನ್ ಹೊಡೆಯುವವನಿದ್ದ, ನಮ್ಮನ್ನು ನೋಡಿ ಹೊಡೆಯಲಿಲ್ಲ.

ವ್ಯಾನು ಹೊರಟಿತು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿತ್ತು. ಅವಳು ಕಿಟಕಿಯಿಂದ ತಲೆ ಹೊರಹಾಕಿ ತಿರುಗಿ ನೋಡುತ್ತಿದ್ದಳು. ಬೀದಿಯಲ್ಲಿ ಅಕ್ಕಪಕ್ಕದವರು ನಿಂತಿದ್ದರು, ಎದುರು ಮನೆಯವರೂ ಇದ್ದರು. ಜೇಬಿನಿಂದ ತೆಗೆದು ಎತ್ತಿ ಹಿಡಿದೆ, ಎಲ್ಲರಿಗೂ ಕಾಣುವಷ್ಟು ಮೇಲೆ. ಬೀಸುವ ಕಷ್ಟವನ್ನು ಆ ಕೈ ನನಗೆ ಕೊಡಲಿಲ್ಲ. ವ್ಯಾನು ತಿರುವು ದಾಟಿ ಮರೆಯಾದ ಮೇಲೂ ಅದು ಬೀಸುತ್ತಲೇ ಇತ್ತು.